ತಂತಿ ಉರಿದು ಪ್ಲಾಸ್ಮಾ ಆದಮ್ಯಾಲ ಯಾಕ ಹದ ತಪ್ಪತದ?

ಪ್ರಶ್ನೆ: ಸರ್, ನಮ್ಮ ಮನ್ಯಾಗ ಬಿದರಿ ಕೆಲಸ ಮಾಡ್ತಾರ್ರಿ, ಚಾಂದಿ ತಂತಿ ಗೆರಿಯೊಳಗ ಕೂಡಿಸಿ ಬಡಿಯೋದು ಸಣ್ಣವನಿದ್ದಾಗಿಂದ ನೋಡೀನಿ. ಈಗ ಬಿಎಸ್ಸಿ ಫಿಸಿಕ್ಸ್ ಓದಾಕತ್ತೀನಿ. ಅಮೆರಿಕಾದಾಗ ಕೂದಲಕ್ಕಿಂತ ಸಣ್ಣ ತಂತಿಗೆ ಕೋಟಿಗಟ್ಟಲೆ ಆಂಪಿಯರ್ ಕರೆಂಟ್ ಬಿಟ್ಟು ಎಕ್ಸ್-ರೇ ತಗೀತಾರಂತ, ಆದ್ರ ನಡುವ ಪ್ಲಾಸ್ಮಾ, ಅಂದ್ರ ತಂತಿ ಉರಿದು ಆಗೋ ಕರೆಂಟ್ ಹರಿಯೋ ಬಿಸಿ ಗ್ಯಾಸು, ಕೆಡತದಂತ. ಯಾಕ, ಹ್ಯಾಂಗ ತಡೀತಾರ?
– ವಿದ್ಯಾರ್ಥಿ, ಬೀದರ

ಉತ್ತರ: ಭಾಳ ಛಲೋ ಪ್ರಶ್ನೆ ತಮ್ಮಾ. ನೀ ಕೇಳಿದ್ದು ಸ್ಯಾಂಡಿಯಾ ಲ್ಯಾಬಿನ ಝಡ್ ಮಷೀನ್. ಟಂಗ್‌ಸ್ಟನ್ ತಂತಿ ಪಂಜರದಂಗ ಸುತ್ತಲೂ ನಿಲ್ಲಿಸಿ, ಸುಮಾರು 2 ಕೋಟಿ ಆಂಪಿಯರ್ ಬಿಡ್ತಾರ, ಅದೂ 100 ನ್ಯಾನೋಸೆಕೆಂಡ್ ಆಸುಪಾಸಿನಾಗ. ಒಂದೇ ದಿಕ್ಕಿಗಿ ಕರೆಂಟ್ ಹರಿಯೋ ತಂತಿ ಒಂದನ್ನೊಂದು ಎಳೀತಾವ, ಹಂಗಾಗಿ ಪ್ಲಾಸ್ಮಾ ನಡುವಿಗಿ ನುಗ್ಗಿ, ಅಲ್ಲಿ ಡಿಕ್ಕಿ ಹೊಡದು ಎಕ್ಸ್-ರೇ ಬಿಡ್ತದ.

ಕೆಡೋದು ಯಾಕಂದ್ರ, ಕರೆಂಟಿನಿಂದ ಹುಟ್ಟೋ ತೂಕ ಇಲ್ಲದ ಕಾಂತಕ್ಷೇತ್ರ ತೂಕದ ಪ್ಲಾಸ್ಮಾನ್ನ ನೂಕಾಕತ್ತದ. ಎಣ್ಣಿ ಮ್ಯಾಲ ನೀರು ನಿಲ್ಲಿಸಿದಂಗ, ನಿಲ್ಲಂಗಿಲ್ಲ. ಇದಕ್ಕ ಮ್ಯಾಗ್ನೆಟೋ ರೇಲೀ-ಟೇಲರ್ ಅಸ್ಥಿರತೆ ಅಂತಾರ. ನಮ್ಮ ಕಲಬುರಗಿ ಕಡಿ ಜೋಳದ ರೊಟ್ಟಿ ಬಡಿಯೋವಾಗ ಅಂಚಿನ್ಯಾಗ ಸಣ್ಣ ಸೀಳು ಬಿತ್ತಂದ್ರ ಬಡದಂಗ ಬಡದಂಗ ಅದೇ ದೊಡ್ಡದಾಗ್ತದಲ್ಲ, ಇಲ್ಲೂ ಮೊದಲಿನ ಸಣ್ಣ ಏರುಪೇರೇ ಬೆಳೀತದ. ಒಂದು ಭಾಗ ಮುಂದ, ಒಂದು ಭಾಗ ಹಿಂದ, ಎಲ್ಲಾ ಒಮ್ಮೆಲೆ ನಡುವಿಗಿ ಮುಟ್ಟಂಗಿಲ್ಲ, ಎಕ್ಸ್-ರೇ ಹೊಡೆತ ಜಾಸ್ತಿ ಹೊತ್ತಿಗಿ ಹಿಗ್ಗಿ ಪವರ್ ಇಳೀತದ.

ಅದಕ್ಕ ಹದ ಹಿಟ್ಟಿನಿಂದಲೇ ಸರಿ ಇರಬೇಕು. 1990ರ ದಶಕದಾಗ ಸ್ಯಾಂಡಿಯಾದ್ದೇ ಸ್ಯಾಟರ್ನ್ ಮಷೀನ್‌ನ್ಯಾಗ ಅಲ್ಯೂಮಿನಿಯಂ ತಂತಿಗಳ ಎಣಿಕಿ ಜಾಸ್ತಿ ಮಾಡಿದ್ರು, ತಂತಿ ಸಣ್ಣ ಮಾಡಿ ಹತ್ರ ಹತ್ರ ಇಟ್ಟಂಗ ಪವರ್ ಜಿಗೀತು. ಮುಂದ ಝಡ್‌ದಾಗ 7.5 ಮೈಕ್ರಾನಿನ (ಮಿಲಿಮೀಟರಿನ ಸಾವಿರದಾಗ ಒಂದು ಪಾಲಿಗಿ ಮೈಕ್ರಾನ್ ಅಂತಾರ) 240 ತಂತಿ ಹಾಕಿದ್ರು, ನಿನ್ನ ತಲಿಗೂದಲು ಇದರ ಹತ್ತರಷ್ಟು ದಪ್ಪ ಇರ್ತದ ನೋಡು, ಅದನ್ನ ಕೈಲಿ ಹಿಡದು ಒಂದೊಂದೇ ಕೂಡಿಸೋರ ತಾಳ್ಮಿ ನಿಮ್ಮ ಮನಿಯವರಿಗಿ ಚೊಲೋ ಗೊತ್ತಾಗ್ತದ. 1998ರಾಗ ಈ ಪಂಜರದೊಳಗ ಇನ್ನೊಂದು ಸಣ್ಣ ಪಂಜರ ಇಟ್ಟ್ರು, ಹೊರಗಿಂದು ಒಳಗ ಬಂದು ಅದಕ್ಕ ತಾಕಿದಾಗ ಬೆಳೆದಿದ್ದ ಏರುಪೇರು ಭಾಳಷ್ಟು ಕಮ್ಮಿ ಆಯ್ತು, ಪವರ್ 280 ಟೆರಾವ್ಯಾಟ್ (ಒಂದು ಟೆರಾವ್ಯಾಟ್ ಅಂದ್ರ ಲಕ್ಷ ಕೋಟಿ ವ್ಯಾಟ್) ಹತ್ರ ಹೋಯ್ತು.

ಆದ್ರ ನನಗ ಖರೇನ ಅಚ್ಚರಿ ಅನಸೋದು ಬ್ಯಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮ್ಯಾಗ್‌ಪೈ ಮಷೀನ್‌ದಾಗ ನೋಡಿದ್ದು: ತಂತಿ ಒಮ್ಮೆಲೆ ಆವಿ ಆಗಂಗಿಲ್ಲ, ಒಳಗಿನ ತಿರುಳು ತಣ್ಣಗ ತನ್ನ ಜಾಗದಾಗೇ ಭಾಳ ಹೊತ್ತು ಕುಂತಿರ್ತದ, ಮೇಲಿನ ಪದರದ ಪ್ಲಾಸ್ಮಾ ಮಾತ್ರ ನಡುವಿಗಿ ಹರೀತದ. ಆ ಹರಿವು ತಂತಿ ಉದ್ದಕ್ಕೂ ಒಂದೇ ಸಮ ಇರಂಗಿಲ್ಲ, ಅಲ್ಯೂಮಿನಿಯಂಗ ಅರ್ಧ ಮಿಲಿಮೀಟರ್, ಟಂಗ್‌ಸ್ಟನ್ನಿಗಿ ಕಾಲು ಮಿಲಿಮೀಟರ್ ಅಂತರಕ್ಕೊಂದು ಕಡಿ ಜಾಸ್ತಿ ಇರ್ತದ. ಅಂದ್ರ ಸೀಳಿನ ಬೀಜ ತಂತಿ ತಾನೇ ಹಾಕ್ತದ, ನೀ ಎಷ್ಟೇ ನೆಟ್ಟಗ ಕೂಡಿಸು.

ಪ್ರಶ್ನೆ: ಹಂಗಾದ್ರ ಹೊರಗಿಂದ ಮ್ಯಾಗ್ನೆಟ್ ಹಚ್ಚಿ ತಡೀಬಹುದಾ?
– ಅದೇ ವಿದ್ಯಾರ್ಥಿ

ಉತ್ತರ: ಸ್ವಲ್ಪ ಮಟ್ಟಿಗಿ ಹೌದು. ಉದ್ದಕ್ಕ ಕಾಂತಕ್ಷೇತ್ರ ಹಾಕಿದ್ರ ಗೆರಿಗಳು ಬಿಗಿದ ರಬ್ಬರಿನಂಗ ಡೊಂಕಾಗಾಕ ಬಿಡಂಗಿಲ್ಲ, ಆದ್ರ ಅದನ್ನೂ ಕೂಡೇ ಹಿಂಡಬೇಕಾಗೋದ್ರಿಂದ ಹಿಂಡೋದು ಕಷ್ಟ ಆಗ್ತದ. ಝಡ್‌ದಾಗೇ ತಂತಿ ಬದಲಿ ಬೆರಿಲಿಯಂ ಕೊಳವಿ ಹಿಂಡುವಾಗ ಹಿಂಗ ಹಾಕಿ ಎಕ್ಸ್-ರೇ ಫೋಟೋ ತಗದ್ರು, ಅದರಾಗ ಅಡ್ಡ ಬಳಿಯಂಗಿದ್ದ ಏರುಪೇರು ಹಗ್ಗ ಹೊಸೆದಂಗ ಸುತ್ತಕೊಂಡಿತ್ತು.