ಎಕ್ಸ್‌ಟೆಂಡೆಡ್ ವಾರಂಟಿ ಬೇಕೋ ಬೇಡವೋ ಎನ್ನುವ ಮೊದಲು ಆ ಕಾಗದ ಯಾರದ್ದೆಂದು ನೋಡಿ

ಚೌತಿಯೊಳಗೆ ಡೆಲಿವರಿ ಸಿಗಲಿರುವ ಟರ್ಬೊ ಪೆಟ್ರೋಲ್ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್) ಗಾಡಿಯ ಕೊಟೇಶನ್ನಿನಲ್ಲಿ ಶೋರೂಮಿನವರು ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಯನ್ನು (ಗಾಡಿಯೊಡನೆ ಬರುವ ಮೂಲ ವಾರಂಟಿ ಮುಗಿದ ಮೇಲಿನ ಅವಧಿಗೆ ಹಣ ಕಟ್ಟಿ ಕೊಳ್ಳುವಂಥದ್ದು) ತಾವಾಗಿಯೇ ಸೇರಿಸಿದ್ದಾರೆ, ಇರಲಿ ಎಂದು ಬಿಡಲೇ ಅಥವಾ ತೆಗೆಸಲೇ ಎಂದು ಈ ವೇದಿಕೆಯ ಕುಮಟಾದ ಸದಸ್ಯರೊಬ್ಬರು ಕೇಳಿದ್ದಾರೆ. ಎರಡನೆಯ ವರ್ಷದಿಂದ ಪರಿಚಯದ ಮೆಕ್ಯಾನಿಕ್ಕಿನ ಹತ್ತಿರವೇ ಆಯಿಲ್ ಬದಲಿಸಿಕೊಳ್ಳುತ್ತೇನೆ ಎಂದೂ ಕೊನೆಯಲ್ಲಿ ಬರೆದಿದ್ದಾರೆ. ಇದುವರೆಗೆ ಬಂದ ಉತ್ತರಗಳಲ್ಲಿ ಕೆಲವು "ದುಡ್ಡು ದಂಡ" ಎನ್ನುತ್ತವೆ, ಕೆಲವು "ಕಣ್ಣುಮುಚ್ಚಿ ತೆಗೆದುಕೊಳ್ಳಿ" ಎನ್ನುತ್ತವೆ. ಆದರೆ ಪ್ರಶ್ನೆಯ ಮೊದಲರ್ಧಕ್ಕೂ ಕೊನೆಯ ಸಾಲಿಗೂ ತಾಳೆಯಾಗುವುದಿಲ್ಲ ಎಂಬುದನ್ನು ಯಾರೂ ಎತ್ತಿಲ್ಲ. ವಾರಂಟಿಗೆ ಹಣ ಕಟ್ಟಿ ಸರ್ವಿಸ್ ಹೊರಗೆ ಮಾಡಿಸಿದರೆ, ಬೇಕಾದ ದಿನ ಆ ವಾರಂಟಿ ಇರುವುದಿಲ್ಲ. ನಮ್ಮ ಮನೆಯ ಗಾಡಿಯೊಂದರಲ್ಲಿ ಸರ್ವಿಸ್ ತಡವಾದದ್ದಕ್ಕೆ ಹೆಚ್ಚುಕಡಿಮೆ ಇದೇ ನಡೆದಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕೊಟೇಶನ್ನಿನ ಆ ಸಾಲು ಯಾರ ಕಾಗದದ್ದು ಎಂದು ವಿಚಾರಿಸಿ. ಒಂದೇ ಹೆಸರಿನಲ್ಲಿ ಎರಡು ಬೇರೆ ಸರಕುಗಳು ಮಾರಾಟವಾಗುತ್ತವೆ. ಒಂದು, ಕಾರು ತಯಾರಿಸಿದ ಕಂಪನಿಯೇ ಕೊಡುವಂಥದ್ದು. ಅದು ಚಾಸಿ ನಂಬರಿನ ಮೇಲೆ ಕಂಪನಿಯ ದಾಖಲೆಗೆ ಏರುತ್ತದೆ, ಕಾರವಾರದಲ್ಲಿ ಕೊಂಡ ಗಾಡಿ ಪುಣೆಯಲ್ಲಿ ಕೆಟ್ಟರೂ ಅಲ್ಲಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನಡೆಯುತ್ತದೆ. ಇನ್ನೊಂದು, ಡೀಲರು ಹೊರಗಿನ ಸಂಸ್ಥೆಯೊಂದರೊಡನೆ ಒಪ್ಪಂದ ಮಾಡಿಕೊಂಡು ಮಾರುವಂಥದ್ದು. ಅದರ ಹಿಂದೆ ಬಹುತೇಕ ಒಂದು ವಿಮಾ ಕಂಪನಿ ಇರುತ್ತದೆ. ಅಲ್ಲಿ ರಿಪೇರಿಗೆ ಕೈಹಾಕುವ ಮೊದಲೇ ಒಪ್ಪಿಗೆ ಪಡೆಯಬೇಕು, ಒಂದು ಕ್ಲೇಮಿಗೆ ಇಷ್ಟೇ ಎಂಬ ಮಿತಿ ಇರಬಹುದು, ಕೆಲವು ಸಲ ಅದೇ ಡೀಲರಿನ ವರ್ಕ್‌ಶಾಪಿಗೇ ಹೋಗಬೇಕು. ಕೌಂಟರಿನ ಹುಡುಗ ಎರಡಕ್ಕೂ "ಕಂಪನಿ ವಾರಂಟಿಯೇ ಸಾರ್" ಎನ್ನುತ್ತಾನೆ. ಅವನ ಮಾತು ಬೇಡ; ನಿಯಮಗಳ ಪುಸ್ತಿಕೆಯನ್ನು ಹಣ ಕಟ್ಟುವ ಮೊದಲೇ ಕೇಳಿ ಪಡೆಯಿರಿ, ಕಂಪನಿಯ ಗ್ರಾಹಕ ಸೇವಾ ಸಂಖ್ಯೆಗೆ ನೀವೇ ಕರೆ ಮಾಡಿ ಈ ಹೆಸರಿನ ಯೋಜನೆ ನಿಮ್ಮದೇ ಎಂದು ಕೇಳಿ. ಕಟ್ಟಿದ ಮೇಲೆ ವಾರ ಕಳೆದರೂ ಚಾಸಿ ನಂಬರಿನ ಎದುರು ಅದು ಕಾಣದಿದ್ದರೆ ಮತ್ತೆ ಕರೆ ಮಾಡಿ. ಅಡಿಕೆಯ ತೂಕದ ಚೀಟಿಯನ್ನು ಎರಡು ಸಲ ನೋಡದೆ ಸೊಸೈಟಿಯ ಮೆಟ್ಟಿಲು ಇಳಿಯದ ನಮ್ಮ ಜನ, ಹತ್ತು ಹನ್ನೆರಡು ಲಕ್ಷದ ಗಾಡಿಯ ಕಾಗದಗಳಿಗೆ ಮಾತ್ರ ತೋರಿಸಿದಲ್ಲೆಲ್ಲ ಸಹಿ ಹಾಕಿ ಬರುತ್ತಾರೆ.

ನಮ್ಮ ಮನೆಯ ಪ್ರಕರಣ ಹೀಗಿದೆ. ನನ್ನ ತಮ್ಮ ಅಂಕೋಲೆಯಲ್ಲಿದ್ದಾನೆ. ಅವನ ಗಾಡಿಯ ಸರ್ವಿಸ್ ಸೆಂಟರ್ ಇರುವುದು ಕುಮಟಾದಲ್ಲಿ. ಮೂರನೆಯ ವರ್ಷದ ಸರ್ವಿಸ್ 2024ರ ಜುಲೈಯಲ್ಲಿ ಬರಬೇಕಿತ್ತು. ಆ ತಿಂಗಳ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದದ್ದನ್ನು ಈ ಜಿಲ್ಲೆಯವರಿಗೆ ಯಾರೂ ನೆನಪಿಸಬೇಕಾಗಿಲ್ಲ. ರಸ್ತೆ ತೆರೆದ ಮೇಲೂ ಮಳೆ ಕಡಿಮೆಯಾಗಲಿ, ಚೌತಿ ಮುಗಿಯಲಿ ಎಂದು ಸರ್ವಿಸ್ ಮುಂದಕ್ಕೆ ಹೋಯಿತು. ಮಾಡಿಸಿದಾಗ ಅಲ್ಲಿ ಯಾರೂ ತಕರಾರು ಎತ್ತಲಿಲ್ಲ, ಬಿಲ್ ಕೊಟ್ಟರು, ಆ್ಯಪ್‌ನಲ್ಲಿ ದಾಖಲೂ ಆಯಿತು. ಮುಂದಿನ ಬೇಸಿಗೆಯಲ್ಲಿ ಅರಬೈಲ್ ಘಟ್ಟ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು, ಮರುಕ್ಷಣವೇ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ತಿರುಗುತ್ತಿತ್ತು, ಆದರೆ ಎರಡೂ ಕೈಯ ಬಲ ಹಾಕಿದರೆ ಮಾತ್ರ. ಪವರ್ ಸ್ಟೀರಿಂಗಿನ ಮೋಟಾರು ಹೋಗಿದೆ, ಇಡೀ ಜೋಡಣೆಯನ್ನೇ ಬದಲಿಸಬೇಕು ಎಂದು ವರ್ಕ್‌ಶಾಪಿನವರು ಹೇಳಿದರು; ಅಂದಾಜು ಅರ್ಧ ಲಕ್ಷ ದಾಟಿತ್ತು.

ಎಕ್ಸ್‌ಟೆಂಡೆಡ್ ವಾರಂಟಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಕಾಗದ ಕೊಟ್ಟರೆ, ಅದು ಕಂಪನಿಯದ್ದಲ್ಲ, ಹೊರಗಿನ ಸಂಸ್ಥೆಯದ್ದು ಎಂಬುದು ಆಗ ತಿಳಿಯಿತು. ತಿರಸ್ಕಾರದ ಇಮೇಲಿನಲ್ಲಿ ಎರಡು ಕಾರಣಗಳಿದ್ದವು. ನಿಗದಿತ ಸರ್ವಿಸ್ ಗಡುವು ಮೀರಿದೆ ಎಂಬುದು ಒಂದು. ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡಿದೆ, ಅದು ಹೊರಗಿನ ತೇವದಿಂದ ಆದದ್ದು, ತಯಾರಿಕೆಯ ದೋಷವಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ವಾದಿಸಬಹುದಿತ್ತು, ಏಕೆಂದರೆ ಕನೆಕ್ಟರ್ ಶುಚಿಗೊಳಿಸಿದ ಮೇಲೂ ಮೋಟಾರು ಕೆಲಸ ಮಾಡಲಿಲ್ಲ. ಮೊದಲನೆಯದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ರಸ್ತೆ ಬಂದ್ ಆದ ವಾರದಲ್ಲೇ "ಇಂಥ ಕಾರಣಕ್ಕೆ ಗಾಡಿ ತರಲಾಗುತ್ತಿಲ್ಲ, ಸಮಯ ವಿಸ್ತರಿಸಿ" ಎಂದು ಸರ್ವಿಸ್ ಸೆಂಟರಿಗೆ ಒಂದು ಇಮೇಲ್ ಹಾಕಿದ್ದರೆ ಕೈಯಲ್ಲಿ ಒಂದು ದಾಖಲೆ ಇರುತ್ತಿತ್ತು. ಕೊನೆಗೆ ತಯಾರಕ ಕಂಪನಿಯ ಪ್ರಾದೇಶಿಕ ಕಚೇರಿಗೆ ಬರೆದು, ಎಲ್ಲ ಸರ್ವಿಸ್ ಅಧಿಕೃತ ಕೇಂದ್ರದಲ್ಲೇ ಆಗಿದೆ ಎಂದು ತೋರಿಸಿದಾಗ ಗುಡ್‌ವಿಲ್ ಎಂದು ಬಿಡಿಭಾಗದ ಬೆಲೆಯಲ್ಲಿ ಒಂದು ಪಾಲು ಬಿಟ್ಟರು. ಇದು ಹಕ್ಕಲ್ಲ, ಅವರ ಮರ್ಜಿ. ಆದರೂ ವಾರಂಟಿ ಇಲ್ಲದವರೂ ದೊಡ್ಡ ಬಿಲ್ ಬಂದಾಗ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. "ನಾನು ಹಿಂದಿನ ಗಾಡಿಗೆ ತೆಗೆದುಕೊಂಡಿದ್ದೆ, ನೀವೂ ತೆಗೆದುಕೊಳ್ಳಿ" ಎನ್ನುವವರು ಕಾಲ ಬದಲಾದದ್ದನ್ನು ಗಮನಿಸಿಲ್ಲ. ಮಾರುತಿಯ ಮೂಲ ವಾರಂಟಿ 2024ರ ಜುಲೈಗೆ ಮುಂಚೆ 2 ವರ್ಷ ಅಥವಾ 40,000 ಕಿ.ಮೀ. ಇತ್ತು, ಆಗ ವಿಸ್ತರಣೆಗೆ ಅರ್ಥವಿತ್ತು. ಈಗ ಅದು 3 ವರ್ಷ ಅಥವಾ 1 ಲಕ್ಷ ಕಿ.ಮೀ. ಆಗಿದೆ. ಟೊಯೋಟಾದ್ದೂ ಅಷ್ಟೇ. ಹುಂಡೈ, ಹೋಂಡಾ ಗಾಡಿಗಳಿಗೆ 3 ವರ್ಷ, ಕಿಲೋಮೀಟರ್ ಮಿತಿ ಇಲ್ಲ. ನೀವು ಕೊಳ್ಳುತ್ತಿರುವುದು ನಾಲ್ಕನೆಯ ಮತ್ತು ಐದನೆಯ ವರ್ಷವನ್ನು ಮಾತ್ರ. ಅದಕ್ಕೆ ಹಣ ಕಟ್ಟುತ್ತಿರುವುದು ಇವತ್ತು. ಅವಧಿ ಮತ್ತು ಕಿಲೋಮೀಟರಿನಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು ಎಂಬ ಸಾಲನ್ನೂ ನಿಮ್ಮ ಓಡಾಟದೊಡನೆ ಹಚ್ಚಿ ನೋಡಿ. ತಿಂಗಳಿಗೆ 2,500 ಕಿ.ಮೀ. ಓಡಿಸುವವರು, ಹುಬ್ಬಳ್ಳಿಗೋ ಗೋವಾಕ್ಕೋ ವಾರವಾರ ಹೋಗುವವರು, "5 ವರ್ಷ ಅಥವಾ 1 ಲಕ್ಷ ಕಿ.ಮೀ." ಎಂಬ ಯೋಜನೆ ಕೊಂಡರೆ 40 ತಿಂಗಳಿಗೆ ಲಕ್ಷ ತುಂಬುತ್ತದೆ. ಮೂಲ ವಾರಂಟಿಯೇ 36 ತಿಂಗಳು ಇರುವಾಗ ಎರಡು ವರ್ಷದ ಹಣಕ್ಕೆ ದಕ್ಕಿದ್ದು ನಾಲ್ಕು ತಿಂಗಳು. ಅಂಥವರು ಕಿಲೋಮೀಟರ್ ಮಿತಿ ಹೆಚ್ಚಿರುವ ಯೋಜನೆಯನ್ನೇ ಕೇಳಬೇಕು, ಇಲ್ಲವಾದರೆ ಬಿಡಬೇಕು. ಹೇಳಿದ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಸಾಲದ ಮೊತ್ತಕ್ಕೆ ಅದನ್ನು ಸೇರಿಸಿದ್ದರೆ ಬಡ್ಡಿಯೂ ಕೂಡುತ್ತದೆ.

ಗಾಡಿಯ ಬಗೆಯೂ ಮುಖ್ಯ. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್, ಐದು ಗೇರಿನ ಮ್ಯಾನ್ಯುಯಲ್, ವರ್ಷಕ್ಕೆ ಏಳೆಂಟು ಸಾವಿರ ಕಿ.ಮೀ. ಓಟ ಎಂದಾದರೆ ನಾನು ವಿಸ್ತರಣೆ ಕೊಳ್ಳುವುದಿಲ್ಲ. ಅದೇ ಹಣವನ್ನು ಬ್ಯಾಂಕಿನಲ್ಲಿ ಇಡುತ್ತೇನೆ. ಡಿಸಿಟಿಯ ಮಾತು ಬೇರೆ. ಅದರಲ್ಲಿ ಗೇರ್ ಬದಲಿಸುವ ಮೆಕಟ್ರಾನಿಕ್ ಘಟಕವೋ ಟರ್ಬೊ ಚಾರ್ಜರೋ ಇಂಜೆಕ್ಷನ್ನಿನ ಹೈಪ್ರೆಶರ್ ಪಂಪೋ ಹೋದರೆ ಒಂದೇ ಬಿಲ್ ವಾರಂಟಿಯ ಬೆಲೆಯ ಎಷ್ಟೋ ಪಟ್ಟು ಬರುತ್ತದೆ, ಮತ್ತು ಅವುಗಳನ್ನು ಊರಿನ ಗ್ಯಾರೇಜಿನಲ್ಲಿ ಬಿಚ್ಚುವುದೂ ಸುಲಭವಲ್ಲ. ಆದ್ದರಿಂದ ನಿಮ್ಮ ಗಾಡಿಗೆ ನನ್ನ ಉತ್ತರ: ಕಂಪನಿಯದ್ದೇ ಆದರೆ ತೆಗೆದುಕೊಳ್ಳಿ, ಹೊರಗಿನದ್ದಾದರೆ ಕೊಟೇಶನ್ನಿನಿಂದ ತೆಗೆಸಿ. ತೆಗೆದುಕೊಂಡರೆ ಐದೂ ವರ್ಷ ಅಧಿಕೃತ ಕೇಂದ್ರದಲ್ಲೇ, ಗಡುವಿನೊಳಗೇ ಸರ್ವಿಸ್. ಅದು ಆಗದು ಎನ್ನುವುದಾದರೆ ಹಣ ಉಳಿಸಿ, ನಿಮ್ಮ ಮೆಕ್ಯಾನಿಕ್ ಹತ್ತಿರವೇ ಹೋಗಿ. ಡೆಲಿವರಿಯ ದಿನವೇ ಕಟ್ಟಬೇಕೆಂಬ ಒತ್ತಾಯಕ್ಕೂ ಮಣಿಯಬೇಡಿ. ಇದು ಕಡ್ಡಾಯವಲ್ಲ, ಅವರು ಕೊಡುವ ವಿಮೆ, ಟೆಫ್ಲಾನ್ ಲೇಪ, ಆಕ್ಸೆಸರಿ ಪ್ಯಾಕ್ ಯಾವುದೂ ಕಡ್ಡಾಯವಲ್ಲ. ಬಹುತೇಕ ಕಂಪನಿಗಳಲ್ಲಿ ಮೂಲ ವಾರಂಟಿ ಮುಗಿಯುವುದರೊಳಗೆ ಕೊಳ್ಳಲು ಅವಕಾಶವಿದೆ, ತಡವಾದಷ್ಟೂ ದರ ಏರುತ್ತದೆ. ಮೊದಲ ದರದ ಗಡುವು ಯಾವತ್ತಿಗೆ ಎಂದು ಬರೆಸಿಕೊಂಡು, ಹಬ್ಬ ಮುಗಿಸಿ, ಪುಸ್ತಿಕೆ ಓದಿ ಕಟ್ಟಿ.

ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕೊಳ್ಳುವವರು ಬ್ಯಾಟರಿಗೆ ಹೆದರಿ ವಿಸ್ತರಣೆ ಕೊಳ್ಳುವುದು ಬೇಡ. ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಪ್ರತ್ಯೇಕವಾಗಿಯೇ ಇದೆ. ಎಲೆಕ್ಟ್ರಿಕ್ ಗಾಡಿಗಳಲ್ಲಿಯೂ ಬ್ಯಾಟರಿಯದ್ದು ಬೇರೆ ಲೆಕ್ಕ. ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಕೊಂಡು ಶಿರಸಿ ಪೇಟೆಯೊಳಗೆ ಮಾತ್ರ ಓಡಿಸುವವರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡರೆ ಅದು ಬಳಕೆಯ ದೋಷವೆಂದು ಬದಿಗೆ ಸರಿಸುತ್ತಾರೆ. ಅವರಿಗೆ ವಾರಂಟಿಗಿಂತ ಪೆಟ್ರೋಲ್ ಗಾಡಿಯೇ ಒಳ್ಳೆಯದು.

ನಮ್ಮ ಕಡೆ ಗಾಡಿಗಳು ಕೆಡುವ ಕಾರಣಗಳಲ್ಲಿ ಬಹಳಷ್ಟು ವಾರಂಟಿಯ ಹೊರಗಿವೆ ಎಂಬುದನ್ನೂ ತಿಳಿದಿರಿ. ಘಟ್ಟದಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿ ಸುಟ್ಟ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಟೈರ್ ಬರುವುದಿಲ್ಲ. 12 ವೋಲ್ಟಿನ ಬ್ಯಾಟರಿಗೆ ಅದರ ತಯಾರಕರ ವಾರಂಟಿ. ಸಸ್ಪೆನ್ಶನ್ನಿನ ಬುಶ್‌ಗಳು ಮೂಲ ವಾರಂಟಿಯಲ್ಲಿ ನಡೆದರೂ ವಿಸ್ತರಣೆಯಲ್ಲಿ ಬಿಟ್ಟಿರಬಹುದು. ನಮ್ಮ ರಸ್ತೆಗಳಿಗೆ ಅದನ್ನು ಮೊದಲು ನೋಡಬೇಕು. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಗಾಡಿಯ ವೈರಿಂಗನ್ನು ಇಲಿ ಕಡಿದರೆ ವಾರಂಟಿ ಇಲ್ಲ, ವಿಮೆಯವರನ್ನು ಕೇಳಬೇಕು. ಮಳೆಗಾಲದಲ್ಲಿ ನಿಂತ ನೀರಿಗೆ ಇಳಿಸಿ ಎಂಜಿನ್ನಿಗೆ ನೀರು ಹೊಕ್ಕರೆ ಯಾವ ಎಕ್ಸ್‌ಟೆಂಡೆಡ್ ವಾರಂಟಿಯೂ ಕೈಹಿಡಿಯದು. ಅದಕ್ಕೆ ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಷನ್ ಸೇರಿಸಿಕೊಳ್ಳಬೇಕು, ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲೇಬಾರದು. ಗಂಗಾವಳಿ, ಅಘನಾಶಿನಿ ದಂಡೆಯ ಊರಿನವರಿಗೆ ಈ ಆ್ಯಡ್‌ಆನ್ ವಾರಂಟಿಗಿಂತ ಮುಂಚೆ ಬೇಕು. ಉಪ್ಪುಗಾಳಿಯ ತುಕ್ಕೂ ಹೊರಗೇ. ಅದರ ಮೇಲೆ ಸರ್ವಿಸ್ ಸೆಂಟರಿನಲ್ಲಿ ಎಂಜಿನ್ ಭಾಗಕ್ಕೆ ಪ್ರೆಶರ್ ವಾಶ್ ಮಾಡಿಸಿಕೊಳ್ಳುವ ಚಪಲವನ್ನು ದಯವಿಟ್ಟು ಬಿಡಿ. ಹಸಿರು ಕಿಲುಬಿಗೆ ಅದೂ ಒಂದು ದಾರಿ. "ಎಂಜಿನ್ ವಾಶ್ ಬೇಡ" ಎಂದು ಜಾಬ್ ಕಾರ್ಡಿನಲ್ಲೇ (ಮಾಡಬೇಕಾದ ಕೆಲಸಗಳನ್ನು ಸರ್ವಿಸ್ ಸೆಂಟರಿನವರು ಬರೆದುಕೊಳ್ಳುವ ಚೀಟಿ) ಬರೆಸಿ.

ಜಾಬ್ ಕಾರ್ಡಿನ ಮಾತು ಬಂತು. ವಾರಂಟಿ ಕೊಂಡವರಿಗೂ ಕೊಳ್ಳದವರಿಗೂ ನಾನು ಹೇಳುವುದು ಇದೊಂದನ್ನೇ: ಮೂಲ ವಾರಂಟಿ ಮುಗಿಯಲು ಎರಡು ತಿಂಗಳು ಇರುವಾಗ ಗಾಡಿಯನ್ನು ಒಮ್ಮೆ ಪೂರ್ತಿ ತೋರಿಸಿ. ಮೊದಲು ನಂಬಿಕೆಯ ಹೊರಗಿನ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟದಲ್ಲಿ ಓಡಿಸಿ, ಅವನು ಕೇಳಿಸಿಕೊಂಡ ಸದ್ದು, ಕಂಡ ಜಿನುಗುಗಳನ್ನೆಲ್ಲ ಪಟ್ಟಿ ಮಾಡಿ. ಆ ಪಟ್ಟಿಯನ್ನು ಅಧಿಕೃತ ಕೇಂದ್ರದಲ್ಲಿ ಒಂದೊಂದಾಗಿ ಜಾಬ್ ಕಾರ್ಡಿಗೆ ಬರೆಸಿ. ಅಡ್ವೈಸರ್ "ಜನರಲ್ ಚೆಕಪ್" ಎಂದು ಒಂದೇ ಸಾಲು ಬರೆದರೆ ಸಹಿ ಹಾಕಬೇಡಿ. "ಎರಡನೆಯ ಗೇರಿನಲ್ಲಿ ಏರು ಹತ್ತುವಾಗ ಮುಂದಿನ ಎಡಬದಿಯಿಂದ ಟಕಟಕ ಸದ್ದು" ಎಂದೇ ಬರೆಯಲಿ. ವಾರಂಟಿ ಇರುವಾಗ ದಾಖಲಾದ ದೂರು ಅವಧಿ ಮುಗಿದ ಮೇಲೆ ಮರುಕಳಿಸಿದರೆ ವಾದಕ್ಕೆ ಅದೇ ಆಧಾರ. ಬಿಲ್ಲುಗಳು ಥರ್ಮಲ್ ಕಾಗದದವಾದರೆ ಅಕ್ಷರ ಮಾಸಿಹೋಗುತ್ತದೆ, ಆಗಲೇ ಫೋಟೊ ತೆಗೆದಿಡಿ.

ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ರದ್ದು ಮಾಡುವಂತಿಲ್ಲ ಎಂದು ವಾದಿಸುವವರೂ ಇದ್ದಾರೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿ, ಸ್ವತಂತ್ರ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಸಾರಾಸಗಟು ರದ್ದಾಗುತ್ತದೆ ಎಂಬ ಷರತ್ತು ಕೂಡದು ಎಂದು ಆದೇಶಿಸಿದ್ದು ನಿಜ. ಅದರ ಮೇಲೆ ಮೇಲ್ಮನವಿಗಳು ನಡೆದದ್ದೂ ನಿಜ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಆ ಆದೇಶ ಓದಿ ಸ್ಟೀರಿಂಗ್ ಮೋಟಾರು ಹಾಕಿಸಿಕೊಂಡು ಬಂದವರನ್ನು ನಾನು ಕಂಡಿಲ್ಲ. ಅನ್ಯಾಯವಾಗಿ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಆಮೇಲೂ ಆಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗಾಡಿ ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೂಡಬೇಕು.

ಸದ್ಯಕ್ಕೆ ಕೊಟೇಶನ್ನಿನ ಆ ಸಾಲು ಮತ್ತು ಯೋಜನೆಯ ಪುಸ್ತಿಕೆಯಲ್ಲಿ "ಒಳಗೊಳ್ಳದ ಭಾಗಗಳು" ಎಂಬ ಪುಟದ ಫೋಟೊಗಳನ್ನು, ಚಾಸಿ ನಂಬರ್ ಮತ್ತು ಫೋನ್ ನಂಬರ್ ಮರೆಮಾಡಿ, ಇಲ್ಲಿ ಹಾಕಿ. ಪುಸ್ತಿಕೆ ಕೊಡಲು ಅವರು ಹಿಂದೆಮುಂದೆ ನೋಡಿದರೆ ಅದನ್ನೂ ಬರೆಯಿರಿ.