ಖಾಲಿ ಬಿಟ್ಟ ಕಾಲಮ್ಮು, ಬಸುರಾದ ಗಂಡಸರು, ಮತ್ತೆ ಅದೇ 98%

ಈ ಸಲ ಬಂದ ಹದಿನೇಳು ಪ್ರಶ್ನೆಗಳಲ್ಲಿ ಒಂಬತ್ತು ಒಂದೇ ಪ್ರಶ್ನೆ. ಒಬ್ಬರು ವಾಕಡ್, ಒಬ್ಬರು ನವಿ ಮುಂಬೈ, ಇನ್ನೊಬ್ಬರು ಮಡಗಾಂವ್, ಕೇಳಿದ್ದು ಮಾತ್ರ ಅದೇ: ಯಾರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಹೇಳುವ ಕಂಪ್ಯೂಟರ್ ಮಾಡೆಲ್ ಮಾಡಿದ್ದೇನೆ, 98% ಸರಿ ಬರುತ್ತಿದೆ, ಬಳಸಬಹುದಾ? ಕಳೆದ ವರ್ಷ ಇಲ್ಲಿ ಪುಣೆಯಲ್ಲಿ ರಾಜ್ಯೋತ್ಸವದ ಊಟಕ್ಕೆ ಸಾಲಲ್ಲಿ ನಿಂತಿದ್ದಾಗ, ತಟ್ಟೆಗೆ ಪಲ್ಯ ಬೀಳುವ ಮೊದಲೇ ಒಬ್ಬ ಹುಡುಗ ಇದನ್ನೇ ಕೇಳಿದ್ದ. ಆವತ್ತು ನಕ್ಕು ಸುಮ್ಮನಾದೆ. ಇವತ್ತು ಆಗುವುದಿಲ್ಲ. ಮಷೀನ್ ಲರ್ನಿಂಗ್ ಅಂದರೇನು, ಟ್ರೇನಿಂಗ್ ಯಾವುದು ಟೆಸ್ಟಿಂಗ್ ಯಾವುದು ಅಂತೆಲ್ಲ ಹೇಳಲು ಹೋಗುವುದಿಲ್ಲ. ಕೇಳಿದವರಿಗೆ ಅದು ಗೊತ್ತಿದೆ.

ಪ್ರಶ್ನೆ: ಮೇಡಂ, ನಾನು ವಾಕಡ್‌ನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದ್ತಿದ್ದೇನೆ. ಡಯಾಬಿಟಿಸ್ ಪ್ರೆಡಿಕ್ಷನ್ ಪ್ರಾಜೆಕ್ಟ್ ಮಾಡಿದ್ದೇನೆ, 98% ಅಕ್ಯುರಸಿ ಬಂದಿದೆ. ಜತ್ತದಲ್ಲಿ ನಮ್ಮ ಸೋದರಮಾವನ ದವಾಖಾನೆ ಇದೆ. ಆ್ಯಪ್ ಮಾಡಿ ಅಲ್ಲಿ ಹಾಕಬಹುದಾ? ಯಾವ ಜರ್ನಲ್‌ಗೆ ಕಳಿಸಲಿ?

ಹಾಕಬೇಡಿ. ಕಳಿಸಲೂ ಬೇಡಿ.

ಯಾವ ಡೇಟಾ ಅಂತ ನೀವು ಬರೆದಿಲ್ಲ, ಬರೆಯುವುದೂ ಬೇಕಿಲ್ಲ. 768 ಸಾಲು, 8 ಕಾಲಮ್ಮು, ಕೊನೆಗೊಂದು ಹೌದು-ಇಲ್ಲ, ಅಲ್ವಾ? ಅದು ಪಿಮಾ ಡೇಟಾ. ಅಮೆರಿಕದ ಅರಿಝೋನಾದಲ್ಲಿರುವ ಪಿಮಾ ಎಂಬ ಮೂಲನಿವಾಸಿ ಜನಾಂಗದ ಹೆಂಗಸರದ್ದು. ಎಲ್ಲರೂ 21 ವರ್ಷ ತುಂಬಿದವರು. ಒಬ್ಬ ಗಂಡಸೂ ಇಲ್ಲ. ಮೊದಲನೇ ಕಾಲಮ್ಮೇ ಎಷ್ಟು ಸಲ ಗರ್ಭಿಣಿಯಾಗಿದ್ದರು ಎಂಬುದು. ಈಗ ನಿಮ್ಮ ಮಾವನ ದವಾಖಾನೆಗೆ ಎಮ್ಮೆ ಮಾರಿ ಬಂದ ಐವತ್ತೈದರ ರೈತ ಬಂದರೆ ಆ ಜಾಗದಲ್ಲಿ ಏನು ತುಂಬುತ್ತೀರಿ? ಸೊನ್ನೆ ಅಂತ ತುಂಬುತ್ತೀರಿ, ಗೊತ್ತು. ಒಬ್ಬ ವಿದ್ಯಾರ್ಥಿ ನನ್ನೆದುರೇ ಹಾಗೆ ಮಾಡಿ, ನೋಡಿ ಮೇಡಂ ವರ್ಕ್ ಆಗ್ತದೆ ಅಂದ.

ಸೊನ್ನೆಯ ಮಾತು ಬಂತಲ್ಲ, ಅಲ್ಲೇ ನಿಲ್ಲೋಣ. ಆ ಫೈಲನ್ನು ಒಂದು ಸಲ ಎಕ್ಸೆಲ್‌ನಲ್ಲಿ ತೆರೆದು, ಮಾಡೆಲ್ ಗೀಡೆಲ್ ಎಲ್ಲ ಪಕ್ಕಕ್ಕಿಟ್ಟು, ಬರೀ ಕಣ್ಣಲ್ಲಿ ನೋಡಿ. 35 ಹೆಂಗಸರ ಬಿಪಿ ಸೊನ್ನೆ. 11 ಜನರ ಬಿಎಂಐ ಸೊನ್ನೆ. ಐವರ ರಕ್ತದಲ್ಲಿ ಸಕ್ಕರೆಯೇ ಇಲ್ಲ. ಬಿಪಿ ಸೊನ್ನೆ ಇದ್ದವರು ಕ್ಯೂನಲ್ಲಿ ನಿಂತು ರಕ್ತ ಕೊಟ್ಟು ಹೋದರಾ? ಅಲ್ಲಿ ಅಳತೆ ಆಗಿಲ್ಲ, ಅಷ್ಟೇ. ಖಾಲಿ ಇರಬೇಕಾದ ಕಡೆ ಸೊನ್ನೆ ಕೂತಿದೆ. ಇನ್ಸುಲಿನ್ ಕಾಲಮ್ಮಿನಲ್ಲಂತೂ 374 ಸೊನ್ನೆಗಳು, ಅಂದರೆ ಹತ್ತಿರ ಹತ್ತಿರ ಅರ್ಧ ಜನರಿಗೆ ಆ ಟೆಸ್ಟಿನ ಅಂಕಿಯೇ ಇಲ್ಲ.

ಈಗ ನಿಮ್ಮ 98 ಎಲ್ಲಿಂದ ಬಂತು ನೋಡೋಣ. ಸೊನ್ನೆ ತಪ್ಪು ಅಂತ ಯಾರೋ ನಿಮಗೆ ಹೇಳಿದ್ದಾರೆ, ಅದು ಸರಿ. ಅದನ್ನು ತುಂಬಲು ನೆಟ್ಟಿನಲ್ಲಿ ಸಿಕ್ಕ ಕೋಡ್ ಹಾಕಿದ್ದೀರಿ. ಆ ಕೋಡ್ ಮಾಡುವುದೇನು ಗೊತ್ತಾ? ಡಯಾಬಿಟಿಸ್ ಇದ್ದವರ ಇನ್ಸುಲಿನ್ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಟ್ಟನಡುವಿನ ಅಂಕಿ) ಬೇರೆ, ಇಲ್ಲದವರದ್ದು ಬೇರೆ ತೆಗೆದು, ಇದ್ದವರ ಖಾಲಿ ಜಾಗಕ್ಕೆ 169.5, ಇಲ್ಲದವರ ಖಾಲಿ ಜಾಗಕ್ಕೆ 102.5 ತುಂಬುತ್ತದೆ. ಒಂದು ನಿಮಿಷ ಯೋಚಿಸಿ. 374 ಸಾಲುಗಳಲ್ಲಿ ನೀವೇ ಕೈಯಾರೆ ಉತ್ತರ ಬರೆದಿಟ್ಟಿರಿ! ಮಾಡೆಲ್‌ಗೆ ಕಲಿಯಲು ಉಳಿದದ್ದಾದರೂ ಏನು? ಇನ್ಸುಲಿನ್ 169.5 ಇದೆಯಾ, ಹಾಗಾದರೆ ಹೌದು. ಅದು ಸಕ್ಕರೆ ಕಾಯಿಲೆ ಹಿಡಿಯುತ್ತಿಲ್ಲ, ನಿಮ್ಮ ಕೈಬರಹ ಹಿಡಿಯುತ್ತಿದೆ. ಪರೀಕ್ಷೆಯ ಹಿಂದಿನ ರಾತ್ರಿ ಪೇಪರ್ ಲೀಕ್ ಮಾಡಿ, ಬೆಳಿಗ್ಗೆ ನಮ್ಮ ಹುಡುಗ ಎಷ್ಟು ಜಾಣ ಅಂದ ಹಾಗೆ.

ಇದು ನಿಮ್ಮದಲ್ಲದಿದ್ದರೆ ಎರಡನೆಯದು ಇದ್ದೇ ಇರುತ್ತದೆ. 768ರಲ್ಲಿ ಕಾಯಿಲೆ ಇರುವವರು 268 ಮಾತ್ರ. ಕಡಿಮೆ ಆಯ್ತು ಅಂತ ಸ್ಮೋಟ್ ಎಂಬ ವಿಧಾನ ಹಾಕಿ ಕೃತಕ ಸಾಲುಗಳನ್ನು ಹುಟ್ಟಿಸುತ್ತೀರಿ. ಹುಟ್ಟಿಸಿ, ತಪ್ಪಿಲ್ಲ. ಆದರೆ ಮೊದಲು ಹುಟ್ಟಿಸಿ ಆಮೇಲೆ ಕಲಿಸಲು ಒಂದು ಪಾಲು, ಪರೀಕ್ಷಿಸಲು ಒಂದು ಪಾಲು ಮಾಡಿದರೆ, ಅಕ್ಕ ಟ್ರೇನಿಂಗ್‌ನಲ್ಲಿ, ಅವಳನ್ನೇ ನೋಡಿ ಮಾಡಿದ ತಂಗಿ ಟೆಸ್ಟ್‌ನಲ್ಲಿ. ಮೊದಲು ಪಾಲು, ಆಮೇಲೆ ಉಳಿದದ್ದೆಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ.

ಎಲ್ಲರಿಗೂ ಕಾಯಿಲೆ ಇಲ್ಲ ಅಂತ ಕಣ್ಣು ಮುಚ್ಚಿ ಹೇಳಿದರೂ ಈ ಡೇಟಾದಲ್ಲಿ 65% ಸಿಗುತ್ತದೆ. 1988ರಲ್ಲಿ ಇದೇ ಡೇಟಾ ಮೇಲೆ ಕೆಲಸ ಮಾಡಿದವರು 576 ಜನರ ಮೇಲೆ ಕಲಿಸಿ 192 ಜನರ ಮೇಲೆ ಪರೀಕ್ಷಿಸಿದ್ದರು. ಕಾಯಿಲೆ ಇದ್ದವರನ್ನು ಹಿಡಿಯುವುದರಲ್ಲೂ 76%, ಇಲ್ಲದವರನ್ನು ಬಿಡುವುದರಲ್ಲೂ 76% ಬಂದಿತ್ತು. ಪ್ರಾಮಾಣಿಕವಾಗಿ ಮಾಡಿದರೆ ಇವತ್ತೂ ನೀವು ಆ ಸುತ್ತಮುತ್ತಲೇ ಇರುತ್ತೀರಿ. 98 ಬಂದರೆ ಪೇಡೆ ಹಂಚಬೇಡಿ, ಗಾಬರಿಯಾಗಿ.

ನಾನೂ ಪೇಡೆ ಹಂಚಿದವಳೇ, ಅದನ್ನೂ ಹೇಳಿಬಿಡುತ್ತೇನೆ. ಸುಮಾರು ಹನ್ನೆರಡು ವರ್ಷದ ಹಿಂದೆ ಇಲ್ಲಿನ ಒಂದು ಆಸ್ಪತ್ರೆಯ ದಾಖಲೆ ನಮ್ಮ ಕೈಗೆ ಬಂದಿತ್ತು. ಮೊದಲ ವಾರವೇ 94%. ಆರು ವಾರ ಕುಣಿದೆವು. ಆಮೇಲೆ ಒಂದು ಸಂಜೆ, ಪಾಷಾಣ್‌ನ ಆ ಚಿಕ್ಕ ಕೋಣೆಯಲ್ಲಿ, ಡಿಸಿಷನ್ ಟ್ರೀಯನ್ನು, ಅಂದರೆ ಮಾಡೆಲ್ ಒಂದೊಂದೇ ಪ್ರಶ್ನೆ ಕೇಳಿ ತೀರ್ಮಾನಕ್ಕೆ ಬರುವ ಮರವನ್ನು, ಕಾಗದದ ಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಮರದ ಬುಡದಲ್ಲಿದ್ದ ಮೊದಲ ಪ್ರಶ್ನೆ ವಯಸ್ಸಲ್ಲ, ತೂಕವಲ್ಲ. 'ಎಚ್‌ಬಿಎ1ಸಿ ಖಾಲಿ ಇದೆಯಾ?' ಅಂತ (ಅದು ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತ ಪರೀಕ್ಷೆ). ಎಷ್ಟಿದೆ ಅಂತಲ್ಲ, ಖಾಲಿಯಾ ಅಂತ! ಮರುದಿನ ಹೋಗಿ ಅಲ್ಲಿನ ಸಿಸ್ಟರ್ ಒಬ್ಬರನ್ನು ಕೇಳಿದೆ. ಅವರು ರಿಜಿಸ್ಟರಿನಿಂದ ತಲೆ ಎತ್ತದೆ 'ಡಾಕ್ಟರಾಂನಾ ಶಂಕಾ ಆಲೀ ತರಚ್ ಲಿಹಿತಾತ್' ಅಂದರು. ಡಾಕ್ಟರಿಗೆ ಅನುಮಾನ ಬಂದರೆ ಮಾತ್ರ ಆ ಟೆಸ್ಟ್ ಬರೆಯುತ್ತಾರೆ. ಅಂದರೆ ನಮ್ಮ ಮಾಡೆಲ್ ಆರು ವಾರ ಕಲಿತದ್ದು ಡಾಕ್ಟರ ಅನುಮಾನವನ್ನು. ಡಾಕ್ಟರು ಇರುವ ಕಡೆ ಅದು ಬೇಕಿಲ್ಲ, ಡಾಕ್ಟರು ಇಲ್ಲದ ಕಡೆ ಅದು ನಡೆಯುವುದಿಲ್ಲ. ಆ ಪೇಪರ್ ಬರೆಯಲಿಲ್ಲ. ಆ ಪ್ರಿಂಟು ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ಅವತ್ತು, ಯಾಕೆ ಹಾಗಂದೆ ಅಂತ ಬಿಡಿಸಿ ತೋರಿಸದ ನ್ಯೂರಲ್ ನೆಟ್‌ವರ್ಕ್ ಒಂದೇ ನೋಡಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಹಾಗಾದರೆ ಮಾವನಿಗೆ ಏನು ಕೊಡಲಿ ಅಂತೀರಾ? ಚೆನ್ನೈನ ಮಧುಮೇಹ ಸಂಶೋಧಕರು 2005ರಲ್ಲೇ ನಮ್ಮ ಜನರಿಗಾಗಿ ಒಂದು ರಿಸ್ಕ್ ಸ್ಕೋರ್ ಮಾಡಿಟ್ಟಿದ್ದಾರೆ, ಐಡಿಆರ್‌ಎಸ್ ಅಂತ. ನಾಲ್ಕೇ ವಿಷಯ: ವಯಸ್ಸು, ಸೊಂಟದ ಸುತ್ತಳತೆ, ಮೈ ಬಗ್ಗಿಸಿ ದುಡಿಯುತ್ತಾರಾ ಇಲ್ಲವಾ, ಅಪ್ಪ-ಅಮ್ಮನಿಗೆ ಇದೆಯಾ. 50 ತುಂಬಿದ್ದರೆ 30 ಅಂಕ, ಅಪ್ಪ-ಅಮ್ಮ ಇಬ್ಬರಿಗೂ ಇದ್ದರೆ 20, ಹೀಗೆ ಒಟ್ಟು ನೂರಕ್ಕೆ. 60 ಅಥವಾ ಜಾಸ್ತಿ ಬಂದರೆ ರಕ್ತ ಪರೀಕ್ಷೆಗೆ ಕಳಿಸಬೇಕು. ಟೇಪ್ ಒಂದಿದ್ದರೆ ಸಾಕು, ಆಶಾ ಕಾರ್ಯಕರ್ತೆ ಅಂಗಳದಲ್ಲೇ ಮಾಡಬಹುದು. ಅದನ್ನು ಮಾಡಿದವರು 98 ಅಂತ ಡಂಗುರ ಸಾರಲಿಲ್ಲ. ಕಾಯಿಲೆ ಇದ್ದವರಲ್ಲಿ 72.5% ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 60.1% ಜನರನ್ನು ಸರಿಯಾಗಿ ಬಿಡುತ್ತದೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರು. ಇದಕ್ಕೊಂದು ಕನ್ನಡ-ಮರಾಠಿ ಆ್ಯಪ್ ಮಾಡಿ, ಜತ್ತದಲ್ಲಿ ಎರಡೂ ಬೇಕು. ಹೆಸರೂ ಬರುತ್ತದೆ, ಯಾರಿಗೂ ಅಪಾಯವೂ ಇಲ್ಲ.

ಇನ್ನು ಜರ್ನಲ್. ಮೂರು ದಿನದಲ್ಲಿ ಒಪ್ಪಿಕೊಂಡು, ದುಡ್ಡು ಕಟ್ಟಿಸಿಕೊಂಡು, ಸರ್ಟಿಫಿಕೇಟನ್ನು ಪಿಡಿಎಫ್‌ನಲ್ಲಿ ಕಳಿಸುವುದು ಜರ್ನಲ್ ಅಲ್ಲ, ಅಂಗಡಿ. ರೆಡಿಮೇಡ್ ಪ್ರಾಜೆಕ್ಟ್ ಮಾರುವವರೂ ಅದೇ ಜಾತಿ. ಅವರು ಮಾರುವ ಫೈಲಿನಲ್ಲೂ 169.5 ಇರುತ್ತದೆ, ಹುಡುಕಿ ನೋಡಿ.

ಪ್ರಶ್ನೆ: ನಾನು ವಾಸ್ಕೋದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಪ್ರೊಲಾಗ್ ಸತ್ತ ಭಾಷೆಯಲ್ಲವೇ? ಮೈಸಿನ್ ಥರದ ಹಳೆಯ ವೈದ್ಯಕೀಯ ಪ್ರೋಗ್ರಾಂಗಳ ಜೊತೆಗೇ ಹೋಯಿತಲ್ಲ, ಈಗ ಕಲಿಯುವುದು ದಂಡವಾ?

ಮೈಸಿನ್ ಬರೆದದ್ದು ಪ್ರೊಲಾಗ್‌ನಲ್ಲಲ್ಲ, ಲಿಸ್ಪ್ ಎಂಬ ಬೇರೆ ಭಾಷೆಯಲ್ಲಿ. ಈ ತಪ್ಪು ಟೆಕ್ಸ್ಟ್‌ಬುಕ್ ಗೈಡುಗಳಿಂದ ಬರುತ್ತಿದೆ ಅಂತ ನನಗೆ ಅನುಮಾನ. ನಿಯಮಗಳನ್ನು ಬರೆದುಕೊಟ್ಟರೆ ಉತ್ತರವನ್ನು ತಾನೇ ಹುಡುಕುವ ಭಾಷೆ ಪ್ರೊಲಾಗ್. ಅದು 1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಆಲಾಂ ಕೋಲ್ಮೆರೋವರ್ ತಂಡದಲ್ಲಿ ಹುಟ್ಟಿದ್ದು. ಕೆಲಸ ಸಿಗಲಿ ಅಂತ ಕಲಿಯುವುದಾದರೆ ಬೇಡ, ಬಿಟ್ಟುಬಿಡಿ. ತಲೆ ಸರಿಯಾಗಲಿ ಅಂತ ಕಲಿಯುವುದಾದರೆ ಎರಡು ತಿಂಗಳು ಕೊಡಿ. ಮೇಲೆ ಹೇಳಿದ ಐಡಿಆರ್‌ಎಸ್ ಇಡೀ ಹದಿನೈದು ಸಾಲಿನಲ್ಲಿ ಮುಗಿಯುತ್ತದೆ. ಅದನ್ನು ನಿಮ್ಮ ಡಾಕ್ಟರು ಓದಿ, ಇಲ್ಲಿ ತಪ್ಪಿದೆ ಅಂತ ಬೆರಳಿಡಬಹುದು. ಇಂಥವರಿಗೆ 60 ಯಾಕೆ ಬಂತು ಅಂತ ಕೇಳಿದರೆ ಯಾವ್ಯಾವ ನಿಯಮ ಹಾದು ಬಂತು ಅಂತ ಹಿಂದಕ್ಕೆ ನಡೆದು ತೋರಿಸಬಹುದು.

ಆದರೆ ಒಂದು ಗುಂಡಿ ಇದೆ. ಪ್ರೊಲಾಗ್‌ಗೆ ಸಾಧಿಸಲು ಆಗದ್ದೆಲ್ಲ ಸುಳ್ಳು. ದಾಖಲೆಯಲ್ಲಿ ಇಲ್ಲ ಅಂದರೆ ಲೋಕದಲ್ಲೇ ಇಲ್ಲ. ರೈಲ್ವೆ ಟೈಂಟೇಬಲ್‌ಗೆ ಇದು ಸರಿ. ಪಟ್ಟಿಯಲ್ಲಿ ರೈಲಿಲ್ಲ ಅಂದರೆ ರೈಲಿಲ್ಲ. ಕೇಸ್‌ಪೇಪರಿಗೆ ಇದನ್ನೇ ಹಚ್ಚಿದರೆ ಏನಾಗುತ್ತದೆ? 'ಪೆನಿಸಿಲಿನ್ ಅಲರ್ಜಿ ಇಲ್ಲದಿದ್ದರೆ ಕೊಡು' ಅಂತ ನಿಯಮ ಬರೆದಿರುತ್ತೀರಿ. ರೋಗಿಯನ್ನು ಯಾರೂ ಅಲರ್ಜಿ ಬಗ್ಗೆ ಕೇಳಿಯೇ ಇರುವುದಿಲ್ಲ, ಕಾಲಮ್ಮು ಖಾಲಿ. ಪ್ರೊಲಾಗ್ ಹಾಯಾಗಿ 'ಕೊಡು' ಅನ್ನುತ್ತದೆ. ವಾಕಡ್ ಹುಡುಗನ ಸೊನ್ನೆ ಬಿಪಿಯ ಅಣ್ಣನೇ ಇದು. ನಾನು ಇಂಥ ಕಡೆ ಯಾವಾಗಲೂ ಎರಡು ನಿಯಮ ಬರೆಸುತ್ತೇನೆ, 'ಅಲರ್ಜಿ ಇಲ್ಲ ಎಂದು ಕೇಳಿ ತಿಳಿದಿದೆ' ಒಂದು, 'ಕೇಳಿಲ್ಲ' ಇನ್ನೊಂದು. ಎರಡನೆಯದು ಬಂದರೆ ಪ್ರೋಗ್ರಾಂ ನಿಲ್ಲಬೇಕು, ನರ್ಸ್ ಎದ್ದು ಹೋಗಿ ಕೇಳಬೇಕು. ಇದು ಕಿರಿಕಿರಿ ಅಂತ ಬಯ್ಯುತ್ತಾರೆ. ಬಯ್ಯಲಿ.

ಪ್ರಶ್ನೆ: ಇಂಟರ್ವ್ಯೂಗೆ ಎಲ್ಲ ಸಾರ್ಟಿಂಗ್ ಅಲ್ಗಾರಿದಂ ಬಾಯಿಪಾಠ ಮಾಡಬೇಕಾ? (ಹಿಂಜೆವಾಡಿ)

ಬೇಡ. ಬೈನರಿ ಸರ್ಚ್, ಅಂದರೆ ಜೋಡಿಸಿಟ್ಟ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವುದು, ಅದೊಂದನ್ನು ತಪ್ಪಿಲ್ಲದೆ ಬರೆಯಿರಿ ಸಾಕು. ಜಾವಾ ಲೈಬ್ರರಿಯಲ್ಲೇ ಅದು ಒಂಬತ್ತು ವರ್ಷ ತಪ್ಪಾಗಿ ಕೂತಿತ್ತು, 2006ರಲ್ಲಿ ಹೊರಗೆ ಬಂತು.

ಪ್ರಶ್ನೆ: ನಾನು ಠಾಣೆಯ ನಿವೃತ್ತ ಬ್ಯಾಂಕ್ ನೌಕರ. ಪಿ ಮತ್ತು ಎನ್‌ಪಿ ಬೇರೆ ಬೇರೆ ಎಂದು 11 ಪುಟದಲ್ಲಿ ಸಾಧಿಸಿದ್ದೇನೆ. ಓದುತ್ತೀರಾ?

ಓದುವುದಿಲ್ಲ. (ಪಿ ಅಂದರೆ ಕಂಪ್ಯೂಟರ್ ಬೇಗ ಬಿಡಿಸಬಲ್ಲ ಲೆಕ್ಕಗಳು, ಎನ್‌ಪಿ ಅಂದರೆ ಉತ್ತರ ಕೊಟ್ಟರೆ ಬೇಗ ಪರೀಕ್ಷಿಸಬಲ್ಲವು.) ನಿಮ್ಮ ವಾದದಲ್ಲಿ 3-ಸ್ಯಾಟ್ ಎಂಬ ಕಷ್ಟದ ಎನ್‌ಪಿ ಲೆಕ್ಕ ಇರುವಲ್ಲೆಲ್ಲ 2-ಸ್ಯಾಟ್ ಅಂತ ಬದಲಾಯಿಸಿ ನೋಡಿ, ಆಗಲೂ ಅದೇ ಉತ್ತರ ಬಂದರೆ ಎಲ್ಲೋ ತಪ್ಪಿದೆ, ಯಾಕೆಂದರೆ 2-ಸ್ಯಾಟ್ ಸುಲಭದ್ದು, ಪಿ ಒಳಗೇ ಇದೆ. ಹಾಗೆ ಬರಲಿಲ್ಲ ಅಂದರೆ ಮತ್ತೆ ಬರೆಯಿರಿ.

ಪ್ರಶ್ನೆ: ಮಗಳ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡು, ಎಐ ಅಲ್ಗಾರಿದಂ ಹಾಕಿ, ಅವಳು ಸೈನ್ಸ್ ಓದಬೇಕಾ ಕಾಮರ್ಸಾ ಅಂತ ಹೇಳ್ತಾರೆ. ಡಿಎಂಐಟಿ ಅಂತೆ. ದುಡ್ಡು ಕಟ್ಟಿದ್ದೇವೆ. ನಂಬಬಹುದಾ? (ನಿಗಡಿಯ ತಾಯಿ)

ಅಕ್ಕ, ಇದು ಗಿಣಿಶಾಸ್ತ್ರ, ಗಿಣಿ ಬದಲು ಸ್ಕ್ಯಾನರ್ ಇದೆ ಅಷ್ಟೇ. ಬೆರಳಿನ ಗೆರೆಗಳು ಮಗು ಹುಟ್ಟುವ ಮೊದಲೇ ಮೂಡಿ ಮುಗಿದಿರುತ್ತವೆ, ಅವುಗಳಿಗೂ ಹನ್ನೊಂದನೇ ಕ್ಲಾಸಿನ ಕಾಮರ್ಸಿಗೂ ಏನೂ ಸಂಬಂಧವಿಲ್ಲ. ಮಗಳನ್ನೇ ಕೇಳಿ, ಅವಳಿಗೆ ಬಾಯಿ ಇದೆಯಲ್ಲ. ದುಡ್ಡು ವಾಪಸ್ ಕೇಳಿ, ಕೊಡುವುದು ಅನುಮಾನ. ಆದರೆ ಇವತ್ತೇ ಹೋಗಿ ಆ ಹತ್ತು ಬೆರಳಚ್ಚಿನ ಫೈಲನ್ನು ಅವರ ಕಂಪ್ಯೂಟರಿನಿಂದ ನಿಮ್ಮೆದುರೇ ಅಳಿಸಲು ಹೇಳಿ, ಅಳಿಸಿದ್ದೇವೆ ಅಂತ ಸಹಿ ಹಾಕಿಸಿಕೊಂಡು ಬನ್ನಿ.