ಎನ್‌ಬಿಎ ತಂಡ ದುಡ್ಡು ಕೊಟ್ಟು ಸ್ಟಾರ್ ತರಬೇಕೋ, ಹುಡುಗರನ್ನು ಬೆಳೆಸಬೇಕೋ? ಲೇಕರ್ಸ್ ಕಡೆಯವನ ಉತ್ತರ

ನಿಮ್ಮ ಪ್ರಶ್ನೆ ಇದು: ಎರಡು ಸೀಸನ್‌ನಿಂದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುತ್ತಿದ್ದೀರಿ. ಜುಲೈ ಬಂತೆಂದರೆ ಅಭಿಮಾನಿಗಳು ಎರಡು ಪಾಳಯವಾಗಿ ಕಿತ್ತಾಡುತ್ತಾರೆ. ಒಂದು ಕಡೆಯವರು ಫ್ರೀ ಏಜೆನ್ಸಿಯಲ್ಲಿ, ಅಂದರೆ ಒಪ್ಪಂದ ಮುಗಿದ ಆಟಗಾರರನ್ನು ತೆಗೆದುಕೊಳ್ಳುವ ಕಾಲದಲ್ಲಿ, ದುಡ್ಡು ಸುರಿದು ದೊಡ್ಡ ಹೆಸರು ತನ್ನಿ ಅಂತಾರೆ. ಇನ್ನೊಂದು ಕಡೆಯವರು ನಮ್ಮ ಹುಡುಗರಿಗೆ ಅವಕಾಶ ಕೊಡಿ ಅಂತಾರೆ. ಯಾರು ಸರಿ?

ನಾನು ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡದ ಕಡೆಯವನು. ಉತ್ತರದಲ್ಲಿ ಸ್ವಲ್ಪ ಹೊಟ್ಟೆಯುರಿ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಇದನ್ನು ಐಪಿಎಲ್ ಹರಾಜಿನ ಲೆಕ್ಕದಲ್ಲಿ ನೋಡಬೇಡಿ. ಹರಾಜಿನಲ್ಲಿ ಯಾವ ತಂಡ ಜಾಸ್ತಿ ಕೂಗುತ್ತದೋ ಆಟಗಾರ ಅಲ್ಲಿಗೆ ಹೋಗಬೇಕು, ಅವನ ಇಷ್ಟಾನಿಷ್ಟ ಯಾರೂ ಕೇಳುವುದಿಲ್ಲ. ಎನ್‌ಬಿಎಯಲ್ಲಿ ಒಪ್ಪಂದ ಮುಗಿದ ಆಟಗಾರನೇ ತನಗೆ ಬೇಕಾದ ತಂಡ ಆರಿಸಿಕೊಳ್ಳುತ್ತಾನೆ. ಹೊಸ ಹುಡುಗರಿಗೆ ಮಾತ್ರ ಆ ಭಾಗ್ಯವಿಲ್ಲ. ಅವರನ್ನು ತಂಡಗಳು ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಹೆಚ್ಚು ಸೋತವರಿಗೆ ಸಾಮಾನ್ಯವಾಗಿ ಮುಂದಿನ ಸರದಿ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬಂದವನಿಗೆ ನಾಲ್ಕು ವರ್ಷದ ಸಂಬಳ ಹೆಚ್ಚುಕಡಿಮೆ ಮೊದಲೇ ನಿಗದಿ. ಎಷ್ಟೇ ಚೆನ್ನಾಗಿ ಆಡಿದರೂ ಅಷ್ಟೇ. ಇದರ ಮೇಲೆ ಇಡೀ ತಂಡದ ಸಂಬಳಕ್ಕೆ ಒಂದು ಮಿತಿ, ಅದೇ ಸ್ಯಾಲರಿ ಕ್ಯಾಪ್. ನೀವು ನೋಡುವ ಜಗಳವೆಲ್ಲ ಹುಟ್ಟುವುದು ಇಲ್ಲಿಂದಲೇ.

ಈಗ ನನ್ನ ಕಥೆಗೆ ಬರುತ್ತೇನೆ. 2016ರ ಜುಲೈ 1, ಶುಕ್ರವಾರ. ಆಗೆಲ್ಲ ಫ್ರೀ ಏಜೆನ್ಸಿ ಅಮೆರಿಕದ ಪೂರ್ವ ತೀರದ ಮಧ್ಯರಾತ್ರಿಗೆ ಶುರುವಾಗುತ್ತಿತ್ತು, ನಮಗೆ ಬೆಳಿಗ್ಗೆ ಒಂಬತ್ತೂವರೆ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ಆ ವರ್ಷ ಟಿವಿ ಒಪ್ಪಂದದ ಹೊಸ ದುಡ್ಡು ಬಂದು ಕ್ಯಾಪ್ 7 ಕೋಟಿ ಡಾಲರ್‌ನಿಂದ 9.4 ಕೋಟಿಗೆ ಒಂದೇ ಸಲಕ್ಕೆ ಹಾರಿತ್ತು. ಎಲ್ಲ ತಂಡಗಳ ಜೇಬೂ ತುಂಬಿತ್ತು. ನಮ್ಮ ದೊಡ್ಡ ಸ್ಟಾರ್ ಕೋಬಿ ಬ್ರಯಂಟ್ ಏಪ್ರಿಲ್‌ನಲ್ಲಷ್ಟೇ ನಿವೃತ್ತನಾಗಿದ್ದ. ನಮ್ಮದು 17 ಗೆಲುವು, 65 ಸೋಲಿನ ತಂಡ. ಯಾರು ಬರ್ತಾರೋ ಅಂತ ಎದೆ ಡವಡವ.

ಬಂದವನು ಟಿಮೊಫಿ ಮಾಜ್‌ಗೊವ್. 4 ವರ್ಷಕ್ಕೆ 6.4 ಕೋಟಿ ಡಾಲರ್.

ನಾನು ಹೆಸರನ್ನು ಎರಡು ಸಲ ಓದಿದೆ. ಏಳಡಿ ಎತ್ತರದ ಮನುಷ್ಯ, ಒಳ್ಳೆಯವನೇ ಇರಬೇಕು. ಆದರೆ ಹಿಂದಿನ ತಿಂಗಳು ಕ್ಲೀವ್‌ಲ್ಯಾಂಡ್ ಗೆದ್ದ ಫೈನಲ್ಸ್‌ನಲ್ಲಿ ಅವನು ಜಾಸ್ತಿ ಹೊತ್ತು ಕೂತಿದ್ದು ಬೆಂಚಿನ ಮೇಲೆ. ಮುಂದೆ ಲುವಾಲ್ ಡೆಂಗ್‌ಗೆ 4 ವರ್ಷಕ್ಕೆ 7.2 ಕೋಟಿ. ಇಬ್ಬರದೂ ಸೇರಿಸಿ 13.6 ಕೋಟಿ ಡಾಲರ್. ಅದೇ ವಾರ ಆಗಿನ ದೊಡ್ಡ ಸ್ಟಾರ್ ಕೆವಿನ್ ಡುರಾಂಟ್ ಗೋಲ್ಡನ್ ಸ್ಟೇಟ್ ತಂಡ ಸೇರಿದ. ಫ್ರೀ ಏಜೆನ್ಸಿಯ ಸ್ವರ್ಗ, ನರಕ ಎರಡನ್ನೂ ಒಂದೇ ವಾರದಲ್ಲಿ ನೋಡಿದ ಹಾಗಾಯ್ತು.

ಆ ಸಂಬಳ ದಂಡವಾದದ್ದಕ್ಕೆ ನನಗೇನೂ ಬೇಜಾರಿಲ್ಲ, ಅದು ಮಾಲೀಕರ ದುಡ್ಡು. ನೋವು ಶುರುವಾಗಿದ್ದು ಮುಂದಿನ ವರ್ಷ. ಮಾಜ್‌ಗೊವ್ ಒಪ್ಪಂದ ತಲೆಯಿಂದ ಇಳಿಸಬೇಕಿತ್ತು, ಸುಮ್ನೆ ಹೊತ್ತುಕೊಳ್ಳಲು ಯಾರು ಬರ್ತಾರೆ? 2015ರಲ್ಲಿ ಎರಡನೇ ಆಯ್ಕೆಯಾಗಿ ಬಂದಿದ್ದ ಡಿ'ಆಂಜೆಲೊ ರಸೆಲ್‌ನನ್ನು ಜೊತೆಗೆ ಕಟ್ಟಿ ಬ್ರೂಕ್ಲಿನ್‌ಗೆ ಕಳಿಸಿದರು. ಹಳೇ ಗಾಡಿ ಮಾರಲು ಹೊಸ ಫ್ರಿಜ್ ಉಚಿತ ಅಂದ ಹಾಗೆ. ಬದಲಿಗೆ ಬ್ರೂಕ್ ಲೋಪೆಜ್ ಮತ್ತು ಒಂದು ಡ್ರಾಫ್ಟ್ ಆಯ್ಕೆ ಬಂತು, ಆ ಆಯ್ಕೆಯಲ್ಲಿ ಕೈಲ್ ಕುಜ್ಮಾ ಸಿಕ್ಕ. ರಸೆಲ್ 2019ರಲ್ಲಿ ಬ್ರೂಕ್ಲಿನ್ ಪರ ಆಲ್‌ಸ್ಟಾರ್ ಆದ, ಅಂದರೆ ಆ ವರ್ಷದ ಆಯ್ದ ಸ್ಟಾರ್‌ಗಳಲ್ಲಿ ಒಬ್ಬ. ಲೋಪೆಜ್‌ನನ್ನೂ ನಾವು ಒಂದೇ ವರ್ಷಕ್ಕೆ ಬಿಟ್ಟೆವು. ಮಿಲ್ವಾಕಿ ಅವನನ್ನು ಸುಮಾರು 34 ಲಕ್ಷ ಡಾಲರ್‌ಗೆ ಎತ್ತಿಕೊಂಡು 2021ರಲ್ಲಿ ಚಾಂಪಿಯನ್ ಆಯ್ತು. ಡೆಂಗ್ 2017-18ರಲ್ಲಿ ನಮ್ಮ ಪರ ಆಡಿದ್ದು ಒಂದೇ ಒಂದು ಪಂದ್ಯ.

ಹೀಗಾಗಿ ಕೆಟ್ಟ ಫ್ರೀ ಏಜೆಂಟ್ ಒಪ್ಪಂದದ ಬಿಲ್ ಕಟ್ಟುವವನು ಕೊನೆಗೆ ಯಾರೋ ಒಬ್ಬ ಇಪ್ಪತ್ತೊಂದು ವರ್ಷದ ಹುಡುಗ. ಎರಡು ಪಾಳಯದವರೂ ಇದನ್ನು ಬೇರೆ ಬೇರೆ ವಿಷಯ ಅಂದುಕೊಂಡೇ ವಾದ ಮಾಡುತ್ತಾರೆ.

ಹಾಗಂತ ಬೆಳೆಸೋ ಪಾಳಯದವರು ಹೇಳುವಷ್ಟು ಸುಲಭವೂ ಅಲ್ಲ. ಬ್ರ್ಯಾಂಡನ್ ಇಂಗ್ರಮ್‌ನ ನೋಡಿ. 2016ರಲ್ಲಿ ಎರಡನೇ ಆಯ್ಕೆ, ಹತ್ತೊಂಬತ್ತು ವರ್ಷ, ಬೀಸೋ ಗಾಳಿಗೆ ಹಾರಿಹೋಗುವ ಹಾಗಿದ್ದ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 9.4 ಪಾಯಿಂಟ್. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಜನ ಇದ್ದೇವೆ, ಅದರಲ್ಲಿ ಮೂವರು ನವೆಂಬರ್ ಮುಗಿಯುವಷ್ಟರಲ್ಲಿ "ಇವನು ಆಗಲ್ಲ" ಅಂತ ತೀರ್ಪು ಕೊಟ್ಟಿದ್ದೆವು. ಆ ಮೂವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳಬೇಕು.

ಆಮೇಲೆ ನಾನು ಒಂದು ಅಂಕಿಯ ಮೇಲೆ ಕಣ್ಣಿಡುವುದನ್ನು ಕಲಿತೆ, ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಗೆರೆಯ ಹಿಂದೆ ನಿಂತು ಎಸೆಯುವುದು. ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ, ಬಲೆಯಿಲ್ಲದ ರಿಂಗಿಗೆ ಎಸೆದು ಎಸೆದು ನನಗೆ ಗೊತ್ತಿರುವ ಒಂದೇ ಸತ್ಯ ಅದು. ಯಾರೂ ಅಡ್ಡ ಬರಲ್ಲ, ದೂರ ಬದಲಾಗಲ್ಲ. ಸುಧಾರಿಸಿದರೆ ಅದು ಕೈಯಿಂದ, ಅಭ್ಯಾಸದಿಂದ. ಇಂಗ್ರಮ್ ಮೊದಲ ವರ್ಷ ಫ್ರೀ ಥ್ರೋಗಳಲ್ಲಿ ಶೇ. 62 ಮಾತ್ರ ಹಾಕಿದ್ದ. ಎರಡನೇ, ಮೂರನೇ ವರ್ಷ 68ರ ಆಸುಪಾಸು. ನಾಲ್ಕನೇ ವರ್ಷ 85. ಅದೇ ವರ್ಷ ಸರಾಸರಿ 23.8 ಪಾಯಿಂಟ್, ಆಲ್‌ಸ್ಟಾರ್, ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ. ಎಲ್ಲವೂ 2019ರಲ್ಲಿ ನಾವು ಅವನನ್ನು ಕೊಟ್ಟ ನ್ಯೂ ಓರ್ಲಿಯನ್ಸ್ ತಂಡದಲ್ಲಿ. ಅಷ್ಟರಲ್ಲಿ ಅವನ ಅಗ್ಗದ ನಾಲ್ಕು ವರ್ಷ ಮುಗಿದಿತ್ತು. ನ್ಯೂ ಓರ್ಲಿಯನ್ಸ್ ಅವನಿಗೆ 5 ವರ್ಷಕ್ಕೆ 15.8 ಕೋಟಿ ಡಾಲರ್ ಕೊಡಬೇಕಾಯ್ತು.

ಇದು ಹುಡುಗರನ್ನು ಬೆಳೆಸುವುದರ ದೊಡ್ಡ ಫಜೀತಿ. ಎಷ್ಟೋ ಜನ ಹಣ್ಣಾಗುವುದು ಮೂರು, ನಾಲ್ಕನೇ ವರ್ಷಕ್ಕೆ. ಸಂಬಳ ಹಾರುವುದೂ ಆಗಲೇ. ನೀರು ಹಾಕಿದವನು ಒಬ್ಬ, ಹಣ್ಣು ತಿಂದವನು ಇನ್ನೊಬ್ಬ.

ಇಂಗ್ರಮ್ ಹೋದದ್ದಕ್ಕೆ ನಿಮಗೆ ಬೇಜಾರಿಲ್ಲವೇ ಅಂತ ಕೇಳಬಹುದು. ಇಲ್ಲ. 2018ರಲ್ಲಿ ಲೆಬ್ರಾನ್ ಜೇಮ್ಸ್ ಫ್ರೀ ಏಜೆಂಟ್ ಆಗಿ ನಮ್ಮಲ್ಲಿಗೆ ಬಂದ. ಅವನಿಗೆ ಆಗಲೇ ಮೂವತ್ತಮೂರು. ಹುಡುಗರು ಹಣ್ಣಾಗುವವರೆಗೆ ಅವನು ಕಾಯುತ್ತಾನಾ? 2019ರಲ್ಲಿ ಇಂಗ್ರಮ್, ಲೊಂಜೊ ಬಾಲ್, ಜಾಶ್ ಹಾರ್ಟ್, ಜೊತೆಗೆ ಡ್ರಾಫ್ಟ್ ಆಯ್ಕೆಗಳನ್ನು ನ್ಯೂ ಓರ್ಲಿಯನ್ಸ್‌ಗೆ ಕೊಟ್ಟು ಅವರ ಸ್ಟಾರ್ ಆಂಥನಿ ಡೇವಿಸ್‌ನನ್ನು ತಂದರು. ಮುಂದಿನ ವರ್ಷ ಚಾಂಪಿಯನ್. 2020ರ ಅಕ್ಟೋಬರ್ 12, ಲಾಕ್‌ಡೌನ್ ಕಾಲ, ಬೆಳಿಗ್ಗೆ ಐದಕ್ಕೆ ಎದ್ದು ಮನೆಯವರಿಗೆ ಎಚ್ಚರವಾಗದ ಹಾಗೆ ಬಾಯಿಗೆ ಟವೆಲ್ ಕಟ್ಟಿಕೊಂಡು ಕಿರುಚಿದ್ದೆ. ಕೊಟ್ಟೆವು, ಬದಲಿಗೆ ಕಪ್ ಬಂತು. ಅದು ವ್ಯಾಪಾರ.

ನನ್ನ ಹೊಟ್ಟೆ ಉರಿಯುವುದು ಸುಮ್ನೆ ಬಿಟ್ಟುಕೊಟ್ಟವರ ವಿಷಯಕ್ಕೆ. ಆ ಪಟ್ಟಿಯಲ್ಲಿ ಮೊದಲ ಹೆಸರು ಅಲೆಕ್ಸ್ ಕರೂಸೊ.

ಕರೂಸೊನನ್ನು 2016ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ನಾವು 2017ರಲ್ಲಿ ಟೂ-ವೇ ಒಪ್ಪಂದ ಕೊಟ್ಟೆವು. ಅಂದರೆ ಹೆಚ್ಚಿನ ದಿನ ಎನ್‌ಬಿಎ ಕೆಳಗಿನ ಜಿ ಲೀಗ್‌ನ ಸೌತ್ ಬೇ ತಂಡದಲ್ಲಿ ಆಟ, ಕರೆದಾಗ ದೊಡ್ಡ ತಂಡಕ್ಕೆ. ಬೋಳು ತಲೆ, ಹಣೆಗೊಂದು ಪಟ್ಟಿ. ಮೊದಲ ಸಲ ನೋಡಿದಾಗ ಬ್ಯಾಂಕಿನ ಕ್ಯಾಷಿಯರ್ ದಾರಿ ತಪ್ಪಿ ಕೋರ್ಟಿಗೆ ಬಂದ ಹಾಗಿತ್ತು. ಆದರೆ ಎದುರಾಳಿಯ ಮೈಗೆ ಅಂಟಿಕೊಂಡು ತಡೆಯುವುದು ನೋಡಬೇಕು. ಚೆಂಡು ಪಾಸ್ ಆಗುವ ಮೊದಲೇ ಇವನ ಕೈ ಅಲ್ಲಿರುತ್ತದೆ. 2020ರ ಫೈನಲ್ಸ್‌ನ ಆರನೇ ಪಂದ್ಯ, ಕಪ್ ಗೆದ್ದ ಪಂದ್ಯ, ಅದನ್ನು ಶುರು ಮಾಡಿದ ಐವರಲ್ಲಿ ಇವನಿದ್ದ. ಸೊನ್ನೆಯಿಂದ ಬೆಳೆಸಿದ್ದು ಅಂದರೆ ಇದು.

2021ರ ಬೇಸಿಗೆಯಲ್ಲಿ ಒಪ್ಪಂದ ಮುಗಿಯಿತು. ಶಿಕಾಗೊ 4 ವರ್ಷಕ್ಕೆ 3.7 ಕೋಟಿ ಡಾಲರ್ ಕೊಟ್ಟಿತು, ಲೇಕರ್ಸ್ ಅಷ್ಟು ಕೊಡಲಿಲ್ಲ. ಇಲ್ಲೊಂದು ನಿಯಮ ಗೊತ್ತಿರಲಿ. ನಿಮ್ಮ ಸ್ವಂತ ಆಟಗಾರನನ್ನು ಉಳಿಸಿಕೊಳ್ಳಲು ಕ್ಯಾಪ್ ದಾಟಬಹುದು, ಇದಕ್ಕೆ ಬರ್ಡ್ ಹಕ್ಕು ಅಂತಾರೆ, ಲ್ಯಾರಿ ಬರ್ಡ್ ಹೆಸರಿನಿಂದ ಬಂದದ್ದು. ಕ್ಯಾಪ್‌ಗಿಂತ ಮೇಲಿನ ಇನ್ನೊಂದು ಗೆರೆಯನ್ನೂ ದಾಟಿದರೆ ಮಾಲೀಕರು ಲಕ್ಷುರಿ ಟ್ಯಾಕ್ಸ್ ಅನ್ನುವ ದಂಡ ಕಟ್ಟಬೇಕು, ಅಷ್ಟೇ. ಹಾಗಾಗಿ ಜಾಗವಿಲ್ಲ ಅನ್ನುವ ನೆಪವೂ ಇರಲಿಲ್ಲ. ಅದೇ ಬೇಸಿಗೆಯಲ್ಲಿ ಇಪ್ಪತ್ತು ವರ್ಷದ ಟೇಲನ್ ಹಾರ್ಟನ್-ಟಕರ್‌ಗೆ 3 ವರ್ಷಕ್ಕೆ 3 ಕೋಟಿ ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಕೊಟ್ಟರು. ಬೆಳೆಸೋ ಪಾಳಯದವರು ಆಗ ಚಪ್ಪಾಳೆ ತಟ್ಟಿದ್ದರು, ಹುಡುಗ ಅಲ್ವಾ, ಮುಂದೆ ಬರ್ತಾನೆ ಅಂತ. ಒಂದೇ ವರ್ಷದಲ್ಲಿ ಅವನನ್ನು ಯೂಟಾಗೆ ಕಳಿಸಿ ಪ್ಯಾಟ್ರಿಕ್ ಬೆವರ್ಲಿಯನ್ನು ತಂದರು. ದೊಡ್ಡ ಸಂಬಳದ ಸ್ಟಾರ್ ರಸೆಲ್ ವೆಸ್ಟ್‌ಬ್ರೂಕ್ ಬಂದಿದ್ದೂ 2021ರಲ್ಲೇ. ಆ ಸೀಸನ್ನಿನಲ್ಲಿ 33 ಗೆಲುವು, 49 ಸೋಲು. ಪ್ಲೇಆಫ್ ಇಲ್ಲ.

ಆರ್‌ಸಿಬಿ ಅಭಿಮಾನಿಗಳಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ತಂಡಕ್ಕೆ ಅತಿ ಹೆಚ್ಚು ವಿಕೆಟ್ ತಂದುಕೊಟ್ಟ ಚಾಹಲ್‌ನನ್ನು 2022ರ ಹರಾಜಿಗೆ ಬಿಟ್ಟರು, ಅದೇ ವರ್ಷ ಅವನು ರಾಜಸ್ಥಾನಕ್ಕೆ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡ.

ಇವಿತ್ಸಾ ಜುಬಾಟ್ಸ್ ಕಥೆಯೂ ಹೀಗೇ. 2016ರಲ್ಲಿ 32ನೇ ಆಯ್ಕೆ. 2019ರಲ್ಲಿ ಮೈಕ್ ಮಸ್ಕಾಲ ಅನ್ನುವವನಿಗಾಗಿ ಅವನನ್ನು ಅದೇ ಊರಿನ ಕ್ಲಿಪ್ಪರ್ಸ್‌ಗೆ ಕೊಟ್ಟರು. ಅಲ್ಲಿ ಅವನು ವರ್ಷಗಟ್ಟಲೆ ಸೆಂಟರ್ ಆಗಿ ನಿಂತ. ಇದರ ಬಗ್ಗೆ ಜಾಸ್ತಿ ಬರೆಯಲ್ಲ, ಬಿಪಿ ಏರುತ್ತದೆ.

ಸರಿಯಾಗಿ ಮಾಡಿದವರು ಯಾರು ಅಂದರೆ ಒಕ್ಲಹೋಮ ಸಿಟಿ. ಎಲ್ಲರೂ ಅವರನ್ನು ಬೆಳೆಸೋ ಪಾಳಯಕ್ಕೆ ಉದಾಹರಣೆ ಕೊಡುತ್ತಾರೆ. ಅರ್ಧ ನಿಜ. 2019ರಲ್ಲಿ ತಮ್ಮ ಸ್ಟಾರ್ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಶೇ ಗಿಲ್ಜಸ್-ಅಲೆಕ್ಸಾಂಡರ್ ಮತ್ತು ಮೊದಲ ಸುತ್ತಿನ ಐದು ಆಯ್ಕೆಗಳನ್ನು ಪಡೆದರು. ಆಮೇಲೆ ಎರಡು ವರ್ಷ ಮರ್ಯಾದೆ ಬಿಟ್ಟು ಸೋತರು, 22 ಗೆಲುವು, ನಂತರ 24. 2021ರ ಡಿಸೆಂಬರ್‌ನಲ್ಲಿ ಮೆಂಫಿಸ್ ಇವರನ್ನು 152-79ರಿಂದ ಹೊಡೆಯಿತು. 73 ಪಾಯಿಂಟ್ ಅಂತರ, ಎನ್‌ಬಿಎ ದಾಖಲೆ. ಅದೇ ಕ್ಲಿಪ್ಪರ್ಸ್ ಆಯ್ಕೆಗಳಲ್ಲಿ ಒಂದು 2022ರಲ್ಲಿ 12ನೇ ಸ್ಥಾನಕ್ಕೆ ಬಂತು, ಅದರಲ್ಲಿ ಜೇಲನ್ ವಿಲಿಯಮ್ಸ್ ಸಿಕ್ಕ. ಅದೇ ಡ್ರಾಫ್ಟ್‌ನಲ್ಲಿ ತಮ್ಮ ಸೋಲಿನಿಂದ ಬಂದ ಎರಡನೇ ಆಯ್ಕೆಯಲ್ಲಿ ಚೆಟ್ ಹೋಮ್‌ಗ್ರೆನ್.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ಇನ್ನರ್ಧ 2024ರ ಬೇಸಿಗೆಯದು. ಜೇಲನ್ ವಿಲಿಯಮ್ಸ್ ಆಗ ವರ್ಷಕ್ಕೆ 50 ಲಕ್ಷ ಡಾಲರ್‌ಗಿಂತ ಕಡಿಮೆಗೆ ಆಡುತ್ತಿದ್ದ. ಹೋಮ್‌ಗ್ರೆನ್ ಸಂಬಳವೂ ಅವನ ಆಟಕ್ಕೆ ಹೋಲಿಸಿದರೆ ಜುಜುಬಿ. ಹೀಗೆ ಉಳಿದ ಜಾಗದಲ್ಲಿ ಇಸಾಯಾ ಹಾರ್ಟನ್‌ಸ್ಟೈನ್‌ನನ್ನು ನ್ಯೂಯಾರ್ಕ್‌ನಿಂದ 3 ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟು ತಂದರು. ನೋಡಿ, ಇದು ಶುದ್ಧ ಫ್ರೀ ಏಜೆನ್ಸಿ. ಹುಡುಗರು ಅಗ್ಗವಾಗಿದ್ದ ಆ ಎರಡು ಮೂರು ವರ್ಷವೇ ಅವರ ಬಂಡವಾಳ. ಮುಗಿಯುವ ಮೊದಲು ಖರ್ಚು ಮಾಡಿದರು. ಹುಡುಗರೆಂದು ಮೋಹವೂ ಇರಲಿಲ್ಲ. ತಾವೇ ಆರನೇ ಆಯ್ಕೆಯಲ್ಲಿ ತಂದು ಬೆಳೆಸಿದ ಜಾಶ್ ಗಿಡ್ಡಿಯನ್ನು ಶಿಕಾಗೊಗೆ ಕೊಟ್ಟು, ಬದಲಿಗೆ ಒಬ್ಬ ಮೂವತ್ತು ವರ್ಷದವನನ್ನು ತಂದರು.

ಆ ಮೂವತ್ತು ವರ್ಷದವನು ಕರೂಸೊ.

ನಾವು 2016ರಲ್ಲಿ ಮಾಡಿದ್ದು ಇದರ ತಲೆಕೆಳಗು. ಹುಡುಗರು ಇನ್ನೂ ಕಣ್ಣು ಬಿಡುತ್ತಿದ್ದಾಗಲೇ ಪಕ್ಕದಲ್ಲಿ ನಾಲ್ಕು ವರ್ಷದ ಭಾರ ಕಟ್ಟಿದೆವು. ಹಾಗಾಗಿ ಇನ್ನು ಮುಂದೆ ಜುಲೈ ಸುದ್ದಿ ನೋಡುವಾಗ ಸ್ಟಾರ್ ಎಷ್ಟು ದೊಡ್ಡವನು ಅಂತ ಮಾತ್ರ ನೋಡಬೇಡಿ. ಒಪ್ಪಂದ ಎಷ್ಟು ವರ್ಷ, ಅದು ಮುಗಿಯುವ ಮೊದಲು ತಂಡದ ಯಾವ ಹುಡುಗನ ಸಂಬಳ ಏರುತ್ತದೆ, ಇವೆರಡನ್ನು ನೋಡಿ. ಜಗಳದಲ್ಲಿ ಗೆಲ್ಲಲು ಅಷ್ಟು ಸಾಕು. 2023ರ ಹೊಸ ನಿಯಮಗಳು ಬಂದ ಮೇಲಂತೂ ಇದು ಇನ್ನೂ ಬಿಗಿಯಾಗಿದೆ. ಕ್ಯಾಪ್‌ಗಿಂತ ತುಂಬಾ ಮೇಲಿರುವ ಸೆಕೆಂಡ್ ಏಪ್ರನ್ ಅನ್ನುವ ಗೆರೆ ದಾಟಿದ ತಂಡ ಇಬ್ಬರ ಸಂಬಳ ಸೇರಿಸಿ ಕೊಟ್ಟು ಬದಲಿಗೆ ಒಬ್ಬ ದೊಡ್ಡವನನ್ನು ತರುವ ಹಾಗಿಲ್ಲ. ಮೂವರು ಸ್ಟಾರ್‌ಗಳನ್ನು ಕಟ್ಟಿಕೊಂಡ ಫೀನಿಕ್ಸ್ 2025ರಲ್ಲಿ 36 ಪಂದ್ಯ ಗೆದ್ದು ಪ್ಲೇಆಫ್‌ನ ಹೊರಗೇ ಉಳಿಯಿತು.

ಡಲ್ಲಾಸ್ ತನ್ನ ಸ್ಟಾರ್ ಲೂಕಾ ಡಾನ್‌ಚಿಚ್‌ನನ್ನು ಬಿಟ್ಟುಕೊಟ್ಟು ಅವನು ನಮಗೆ ಸಿಕ್ಕ ವಿಷಯ ಯಾರಾದರೂ ಕಾಮೆಂಟಿನಲ್ಲಿ ಎತ್ತುತ್ತೀರಿ, ಗೊತ್ತು. ಅದು ಫ್ರೀ ಏಜೆನ್ಸಿಯೂ ಅಲ್ಲ, ಬೆಳೆಸಿದ್ದೂ ಅಲ್ಲ. ಅದು ಲಾಟರಿ.

2025ರ ಜೂನ್ 23, ಸೋಮವಾರ ಬೆಳಿಗ್ಗೆ ಐದೂವರೆಗೆ ಫೈನಲ್ಸ್‌ನ ಏಳನೇ, ಕೊನೆಯ ಪಂದ್ಯ ಶುರುವಾಯ್ತು. ಒಕ್ಲಹೋಮ 103, ಇಂಡಿಯಾನ 91. ಮುಗಿದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಣೆಪಟ್ಟಿ ಕಟ್ಟಿದ ಬೋಳು ತಲೆಯ ಫೋಟೊ ಹಾಕಿದ, ಕೆಳಗೆ ಏನೂ ಬರೆಯದೆ. ನಾನು ಕಾಫಿ ಇಟ್ಟು ಬಂದು ನೋಡುವಷ್ಟರಲ್ಲಿ ಇನ್ನೊಬ್ಬ ಕೇಳಿದ್ದ, "ಆಸ್ಟಿನ್ ರೀವ್ಸ್ ಒಪ್ಪಂದ ಯಾವಾಗ ಮುಗಿಯುತ್ತೆ?" ರೀವ್ಸ್‌ನನ್ನೂ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ, ಅವನನ್ನೂ ಬೆಳೆಸಿದ್ದು ನಾವೇ. 2026-27ರ ವರ್ಷ ಅವನ ಇಷ್ಟಕ್ಕೆ ಬಿಟ್ಟದ್ದು, ಬೇಡವೆಂದರೆ ಹೊರಗೆ ಬರಬಹುದು ಅಂತ ಟೈಪ್ ಮಾಡಿದೆ. ಕಳಿಸುವ ಮುಂಚೆ ಒಂದು ಕ್ಷಣ ಯೋಚಿಸಿ, ಅಳಿಸಿ, ಕಾಫಿ ಕುಡಿದೆ.